ಎರೆಮಣ್ಣು, ಬಳ್ಳಾರಿ ಜಾಲಿ, ಗಂಡು ಪಪ್ಪಾಯಿ: ಹಿತ್ತಲ ಕೆಲಸದಲ್ಲಿ ಸಿಟ್ಟು ಬಂದರೆ ಏನು ಮಾಡುತ್ತೀರಿ?

ಹಿತ್ತಲಮನಿ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಗೊಬ್ಬರ ಯಾವುದು ಹಾಕಬೇಕು, ಸಸಿ ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆ ಇದಲ್ಲ. ನನಗೆ ಬೇಕಿರುವುದು ಸಿಟ್ಟಿಗೆ ಮದ್ದು.

ನಮ್ಮದು ಊರ ಹೊರಗಿನ ಲೇಔಟ್. ಮನೆ ಹಿಂದೆ ಒಂದಿಷ್ಟು ಜಾಗ, ಪೂರ್ತಿ ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಈ ಬೇಸಿಗೆ ಕೊನೆಯಲ್ಲಿ ಬಿರುಕಿನೊಳಗೆ ಸ್ಕೂಟರ್ ಕೀ ಬಿತ್ತು. ತೆಗೆಯಲು ತಂತಿ ಇಳಿಬಿಟ್ಟೆ, ತಂತಿಯೂ ಕೈಜಾರಿ ಒಳಗೆ ಹೋಯಿತು. ತಮ್ಮ ಅಯಸ್ಕಾಂತಕ್ಕೆ ದಾರ ಕಟ್ಟಿ ತಂದ. ದಾರ ಬಿಚ್ಚಿಕೊಂಡಿತು. ಅಮ್ಮ ಕಟ್ಟೆ ಮೇಲೆ ಕೂತು, "ಇನ್ನೇನಾದರೂ ಅರ್ಪಿಸುವುದಿದೆಯಾ? ಅರಿಶಿನ ಕುಂಕುಮ ತರಲಾ?" ಅಂದರು. ಅವತ್ತು ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆಮೇಲೆ ಮಳೆ ಬಂತು. ಬಿರುಕು ಮುಚ್ಚಿಕೊಂಡಿತು, ಗೇಟು ನೆಲಕ್ಕೆ ತಾಗಿ ಅಲ್ಲಾಡುತ್ತಿಲ್ಲ. ಹೋದ ವರ್ಷ ಬುಡಕ್ಕೆ ಕಡಿದ ಜಾಲಿ ಗಿಡದಲ್ಲಿ ಈಗ ಗುಂಪಾಗಿ ಕವಲು ಒಡೆದಿವೆ. ನಿನ್ನೆ ಅದೇ ಅಮ್ಮ ಏನೋ ತಮಾಷೆ ಮಾಡಿದರು, ನಾನು ಸಲಿಕೆ ಎಸೆದು ಒಳಗೆ ಹೋದೆ. ಎರಡೂ ದಿನ ಕೆಟ್ಟದ್ದು ಕೆಲಸವೇ. ಒಂದು ದಿನ ನಗು, ಇನ್ನೊಂದು ದಿನ ಸಿಟ್ಟು ಯಾಕೆ? ನಿಮಗೂ ಹೀಗೆ ಆಗುತ್ತದಾ?

ಮಸ್ಕಿ ಗುದ್ದಲಿ

ಕೀ ಚಿಂತೆ ಬಿಡಿ ಸರ್. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಅನ್ನುವ ಇಂಜಿನಿಯರ್‌ಗೆ ನಮ್ಮ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಶಾಸನ. ಅದರಲ್ಲಿ ಅಶೋಕ ಅನ್ನುವ ಹೆಸರೇ ಇತ್ತು. ನಮ್ಮ ಓಣಿಯಲ್ಲಿ ಈಗಲೂ ಯಾರಾದರೂ ಗುದ್ದಲಿ ಹಿಡಿದರೆ ಸಾಕು, ಗೋಡೆ ಆಚೆಯಿಂದ "ಏನಾದ್ರೂ ಸಿಕ್ತಾ?" ಅಂತ ಕೇಳುತ್ತಾರೆ.

ನನಗೆ ಸಿಕ್ಕಿದ್ದು ಟೆಲಿಫೋನ್ ಕೇಬಲ್. ಅದೂ ಕಡಿದ ಮೇಲೆ. ಇಡೀ ಓಣಿಗೆ ಇಂಟರ್ನೆಟ್ ಇಲ್ಲ. ಸಂಜೆ ಹೊತ್ತಿಗೆ ಎಲ್ಲರೂ ನಮ್ಮ ಹಿತ್ತಲಲ್ಲೇ ಇದ್ದರು, ಮೊಬೈಲ್‌ನಲ್ಲಿ ನೋಡಲು ಬೇರೇನೂ ಇರಲಿಲ್ಲವಲ್ಲ.

ಸಿಂಧನೂರು ಹಳೇ ಕೈ

ನಾನು ನಿವೃತ್ತ. ಮಣ್ಣಿನ ಕೆಲಸದಲ್ಲೇ ತಲೆ ಬೆಳ್ಳಗಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳಿಕೊಳ್ಳಿ.

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಜಾಸ್ತಿ. ನೀರು ಕುಡಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯ ಬಿರುಕು, ಮಳೆಗಾಲದ ಗೇಟು ಎರಡಕ್ಕೂ ಕಾರಣ ಇದೊಂದೇ. ಬಿರುಕಿನೊಳಗೆ ಮೇಲಿನ ಪುಡಿಮಣ್ಣು ಬೀಳುತ್ತದೆ. ಮಳೆ ಬಂದಾಗ ಕೆಳಗಿನ ಮಣ್ಣು ಉಬ್ಬಿ ಜಾಗ ಸಾಲದೆ ಮೇಲಕ್ಕೆ ಒತ್ತುತ್ತದೆ. ವರ್ಷ ವರ್ಷ ಹೀಗೆ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಅದಕ್ಕೇ ಈ ನೆಲ ತನ್ನನ್ನು ತಾನೇ ಉಳುತ್ತದೆ ಅನ್ನುತ್ತಾರೆ. ನಿಮ್ಮ ಕೀ ಯಾವತ್ತಾದರೂ ಮೇಲೆ ಬಂದರೂ ಬಂದೀತು. ಅಷ್ಟೊತ್ತಿಗೆ ಸ್ಕೂಟರ್ ಇರುತ್ತದೋ ಇಲ್ಲವೋ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸಿಟ್ಟು ಬಂದ ದಿನ ಮಣ್ಣು ಹೇಗಿತ್ತು ನೆನಪಿಸಿಕೊಳ್ಳಿ. ಹಸಿಯಾಗಿತ್ತು ಅಲ್ವಾ? ಎರೆಮಣ್ಣು ಹಸಿ ಇದ್ದಾಗ ಸಲಿಕೆ ಬಿಡುವುದಿಲ್ಲ, ಒಣಗಿದರೆ ಸಲಿಕೆ ಇಳಿಯುವುದಿಲ್ಲ. ನಡುವೆ ಕೆಲವೇ ದಿನ ಹದ ಇರುತ್ತದೆ. ಹಿಡಿ ಮಣ್ಣು ಅದುಮಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಒಡೆದು ಚದುರಿದರೆ ಕೆಲಸ ಶುರು ಮಾಡಿ. ಚಪ್ಪಟೆಯಾಗಿ ಕೂತರೆ ಒಳಗೆ ಹೋಗಿ ಚಹಾ ಕುಡಿಯಿರಿ. ಹದ ತಪ್ಪಿದ ದಿನ ಕೆಲಸಕ್ಕೆ ಇಳಿದರೆ ಎಂಥ ಸಾಧುವಿಗೂ ಸಿಟ್ಟು ಬರುತ್ತದೆ. ಹಸಿಯಲ್ಲಿ ತುಳಿದರೆ ಮಣ್ಣೂ ಕೆಡುತ್ತದೆ, ಒಣಗಿದ ಮೇಲೆ ಇಟ್ಟಿಗೆ ಗಟ್ಟಿಯ ಹೆಂಟೆ.

ಗೇಟಿನ ಕಂಬದ ಸುತ್ತ ಎರೆ ತೆಗೆಸಿ ಗರಸು ತುಂಬಿಸಿ. ಗೇಟಿನ ಕೆಳಗೆ ನಾಲ್ಕು ಬೆರಳು ಸಂದು ಬಿಡಿ. ಈಗ ಬೇಡ, ಚಳಿಗಾಲ ಕಳೆದ ಮೇಲೆ.

ರಾಯಚೂರು ಬಿಸಿಲು

ಹಿರಿಯರ ಮಾತು ಸರಿ. ಆದರೆ ಹದ ಬರುವುದು ಮಂಗಳವಾರ, ನನಗೆ ರಜೆ ಸಿಗುವುದು ಭಾನುವಾರ. ಅದಕ್ಕೇನು ಮಾಡೋಣ?

ತಾಳ್ಮೆ ಬಿಡುವಿದ್ದವರ ಆಸ್ತಿ ಅಂತ ನನ್ನ ಅನಿಸಿಕೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಒಂಬತ್ತಕ್ಕೆ ನೆತ್ತಿ ಸುಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಬಿಸಿಲಲ್ಲಿ ಬಿದ್ದಿದ್ದ ಪೈಪಿಗೆ ನಳ ತಿರುಗಿಸಿ ನೇರ ಬದನೆ ಸಸಿಗೆ ಹಿಡಿದರೆ ಮೊದಲು ಬರುವುದು ಕುದಿಯುವ ನೀರು. ನಮ್ಮ ಭಾವ ಹಾಗೆ ಮಾಡಿ ಒಂದು ಸಾಲು ಬದನೆಯನ್ನು ಗಿಡದಲ್ಲೇ ಬೇಯಿಸಿದರು. ಮನೆಯಲ್ಲಿ ಅವರಿಗೆ ಈಗ "ಎಣಗಾಯಿ" ಅಂತ ಹೆಸರು. ಅವರ ಮುಖದಲ್ಲಿ ನಗು ನಾನಂತೂ ಕಂಡಿಲ್ಲ.

ಸಿಂಧನೂರು ಹಳೇ ಕೈ

ಭಾನುವಾರದವರಿಗೂ ದಾರಿ ಇದೆ ತಮ್ಮಾ. ಬೇಸಿಗೆಯಲ್ಲಾದರೆ ವಾರದ ನಡುವೆ ಒಂದು ಸಂಜೆ ನೀರು ಬಿಡಿ, ಭಾನುವಾರಕ್ಕೆ ಹದ ನಿಮ್ಮ ಕೈಯಲ್ಲೇ ಇರುತ್ತದೆ. ಮಳೆಗಾಲದ ಭಾನುವಾರ ಮಣ್ಣು ಮುಟ್ಟದ ಕೆಲಸ ಇಟ್ಟುಕೊಳ್ಳಿ. ಪಿಕಾಸಿಗೆ ಕಾವು ಹಾಕುವುದು, ಕುಡಗೋಲಿಗೆ ಅರ ಹಾಕುವುದು, ಪೈಪಿನ ಸೋರಿಕೆ ಕಟ್ಟುವುದು. ಪೈಪಿನಲ್ಲಿ ನಿಂತ ಬಿಸಿನೀರನ್ನು ಮೊದಲು ಬಕೆಟ್ಟಿಗೆ ಬಿಡಿ, ತಣ್ಣಗಾದ ಮೇಲೆ ಗಿಡಕ್ಕೆ. ಭಾವನವರಿಗೂ ಹೇಳಿ.

ಗಂಗಾವತಿ ಅಕ್ಕ

ಭಾವನ ಕಥೆ ಓದಿ ನಮ್ಮತ್ತೆಗೆ ಹೇಳಿದೆ. ಅವರು ಇನ್ನೂ ನಗುತ್ತಿದ್ದಾರೆ.

ನಮ್ಮದು ಗಂಡು ಪಪ್ಪಾಯಿ ಕಥೆ. ಬೀಜ ಹಾಕಿ ಒಂದೇ ಸಸಿ ಉಳಿಸಿಕೊಂಡೆವು, ಚೆನ್ನಾಗಿತ್ತು ಅಂತ. ನಳದ ನೀರು ಬರದ ದಿನವೂ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಅಂತ ಉಳಿಸಿ ಉಳಿಸಿ ಹಾಕಿದೆವು. ನೆಂಟರಿಗೆಲ್ಲ ತೋರಿಸಿ ಹಣ್ಣು ಹಂಚುವ ಲೆಕ್ಕ ಕೂಡ ಆಗಿತ್ತು. ಕೊನೆಗೆ ಬಿಟ್ಟಿದ್ದು ಉದ್ದ ಕಡ್ಡಿಯಲ್ಲಿ ಜೋತಾಡುವ ಗೊಂಚಲು ಹೂವು. ಕಾಯಿ ಇಲ್ಲ. ಅತ್ತೆ ಗಿಡದ ಮುಂದೆ ನಿಂತು, "ತಿನ್ನೋದು ಕುಡಿಯೋದು ಎಲ್ಲಾ ಆಯ್ತು, ದುಡಿಮೆ ಮಾತ್ರ ಇಲ್ಲ" ಅಂದರು. ಆಗ ಮಾವನವರು ಪೇಪರ್ ಮಡಚಿಟ್ಟು ಮಾರ್ಕೆಟ್ಟಿಗೆ ಹೊರಟರು.

ಆಮೇಲೆ ತಿಳಿದದ್ದು: ನಾಟಿ ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಹೂ ಬಿಡುವ ತನಕ ನೋಡಿ ಹೇಳಲು ಆಗುವುದಿಲ್ಲ. ಒಂದು ಗುಂಡಿಗೆ ಎರಡು ಮೂರು ಸಸಿ ಇಟ್ಟು, ಹೂ ಬಂದ ಮೇಲೆ ಗಂಡನ್ನು ಕಿತ್ತರೆ ಆಯಿತು. ತೋಟಕ್ಕೆಲ್ಲ ಸೇರಿ ಒಂದೆರಡು ಗಂಡು ಇದ್ದರೆ ಸಾಕು. ರೆಡ್ ಲೇಡಿ ತಳಿಯಲ್ಲಿ ಈ ತಲೆನೋವಿಲ್ಲ.

ಇನ್ನೊಂದು ಮಾತು, ಇದು ಗಂಡಸರಿಗೆ. ಕೆಸರಲ್ಲಿ ಜಾರಿ ಬಿದ್ದು ನಗುವುದು ಚೆನ್ನ. ಎರೆಮಣ್ಣಿನ ಕಲೆ ಇರುವ ಬಿಳಿ ಬನಿಯನ್ ಒಗೆಯುವವರು ಯಾರು? ನಿಮ್ಮ ತಮಾಷೆಯ ಇನ್ನರ್ಧ ನಮ್ಮ ಬಚ್ಚಲಲ್ಲಿ ನಡೆಯುತ್ತದೆ.

ಹಿತ್ತಲಮನಿ (ಬಳ್ಳಾರಿ)

ಅಕ್ಕ, ಮಾತು ನಾಟಿತು. ನಿನ್ನೆ ನಾನು ಸಲಿಕೆ ಎಸೆದದ್ದು ಒಗೆದು ಹರವಿದ್ದ ಸೀರೆ ಕಡೆಗೆ. ಇಲ್ಲಿ ಬರೆಯುವಾಗ ಅದೊಂದು ಬಿಟ್ಟಿದ್ದೆ. ಕಲೆ ಹೋಗಲು ದಾರಿ ಇದೆಯಾ?

ಗಂಗಾವತಿ ಅಕ್ಕ

ಹಸಿ ಇದ್ದಾಗ ಉಜ್ಜಬೇಡಿ, ಎಳೆಯೊಳಗೆ ಇಳಿದುಬಿಡುತ್ತದೆ. ಪೂರ್ತಿ ಒಣಗಲಿ. ಒಣ ಬ್ರಷ್‌ನಲ್ಲಿ ಉದುರಿಸಿ. ಆಮೇಲೆ ಸೋಪಿನ ನೀರಲ್ಲಿ ನೆನೆಸಿ ಒಗೆಯಿರಿ. ಒಗೆಯಿರಿ ಅಂದರೆ ನೀವೇ.

ಕುಷ್ಟಗಿ ಮುಳ್ಳುಬೇಲಿ

ಜಾಲಿ ಬಗ್ಗೆ ನಾನು ಹೇಳುತ್ತೇನೆ, ಅದರಲ್ಲಿ ನನಗೆ ಪದವಿ ಕೊಡಬಹುದು. ಹೆಸರು ಬಳ್ಳಾರಿ ಜಾಲಿ, ಹುಟ್ಟೂರು ಅಮೆರಿಕ ಖಂಡ. ಬ್ರಿಟಿಷರ ಕಾಲದಲ್ಲಿ ಸೌದೆಗೆ, ಬರಡು ನೆಲಕ್ಕೆ ಅಂತ ಬಂತು. ಬಂದದ್ದು ಹೋಗಲಿಲ್ಲ.

ನೆಲದ ಮಟ್ಟಕ್ಕೆ ಕಡಿದರೆ ಅದು ಸಾಯುವುದಿಲ್ಲ. ಬೇರು ಕಾಂಡ ಸೇರುವ ಜಾಗದಲ್ಲಿ ಮೊಗ್ಗು ಇರುತ್ತವೆ. ಮೇಲಿನದು ಹೋದ ಕೂಡಲೇ ಅವೆಲ್ಲ ಒಟ್ಟಿಗೆ ಏಳುತ್ತವೆ. ಹಿತ್ತಲಮನಿಯವರ ಗಿಡದಲ್ಲಿ ಆಗಿದ್ದು ಅದೇ. ಸುತ್ತ ಅಗೆದು, ಮಣ್ಣಿನಿಂದ ಒಂದು ಗೇಣು ಕೆಳಗೆ ಬೇರು ಸಮೇತ ಕಡಿಯಬೇಕು. ಸಣ್ಣ ಸಸಿಯನ್ನು ಮಳೆ ಬಿದ್ದ ಮೇಲೆ ಬೇರು ಸಹಿತ ಎಳೆಯಬಹುದು, ಕೈಗೆ ದಪ್ಪ ಚರ್ಮದ ಗವಸು ಇರಲಿ.

ಬೀಜದ ವಿಷಯ ಕೇಳಿ. ಸಿಹಿ ಕಾಯಿ ಅಂತ ಆಡು ತಿನ್ನುತ್ತದೆ. ಗಟ್ಟಿ ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ, ಹಿಕ್ಕೆಯಲ್ಲಿ ಬರುತ್ತದೆ. ನಾನು ಒಂದು ಟ್ರ್ಯಾಕ್ಟರ್ ಆಡಿನ ಗೊಬ್ಬರ ತರಿಸಿ ಹಿತ್ತಲಿಗೆಲ್ಲ ಹರಡಿಸಿದೆ. ಮೊದಲ ಮಳೆಗೆ ಮೆಂತ್ಯದ ಮಡಿಯಲ್ಲಿ ಜಾಲಿ, ಕೊತ್ತಂಬರಿ ಮಡಿಯಲ್ಲಿ ಜಾಲಿ. ದುಡ್ಡು ಕೊಟ್ಟು ಬಿತ್ತನೆ ಮಾಡಿಸಿಕೊಂಡಂತಾಯಿತು. ಕುರುಬಣ್ಣ ಬಂದು ನೋಡಿ, "ಬೆಳೆ ಚೆನ್ನಾಗೈತಿ" ಅಂದ. ಆಗ ಸಿಟ್ಟು ಬರಬೇಕಿತ್ತು. ಅವನ ಮುಖ ನೋಡಿದರೆ ಅವನು ನಿಜವಾಗಿಯೂ ಹೊಗಳುತ್ತಿದ್ದ! ನಾನೂ ಅವನಿಗೆ ಚಹಾ ಕುಡಿಸಿ ಕಳಿಸಿದೆ. ಈಗ ಗೊಬ್ಬರ ಗುಂಡಿಯಲ್ಲಿ ನೀರು ಹಾಕಿ ಚೆನ್ನಾಗಿ ಕಾವು ಬರಿಸಿ, ಪೂರ್ತಿ ಕೊಳೆತ ಮೇಲೆ ಬಳಸುತ್ತೇನೆ. ಹುಟ್ಟುವುದು ಕಡಿಮೆಯಾಗಿದೆ.

ಮುಳ್ಳಿನ ಬಗ್ಗೆ ತಮಾಷೆ ಬೇಡ. ಹವಾಯಿ ಚಪ್ಪಲಿಯನ್ನು ಸರಾಗ ತೂರುತ್ತದೆ. ತುದಿ ಒಳಗೆ ಮುರಿದುಕೊಂಡರೆ ಕೀವು ಕಟ್ಟುತ್ತದೆ. ಸೂಜಿಯಲ್ಲಿ ಕೆದಕುತ್ತ ಕೂರದೆ ಡಾಕ್ಟರ್ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಆಗಿದೆಯಾ ಕೇಳಿಕೊಳ್ಳಿ.

ರಾಯಚೂರು ಬಿಸಿಲು

ಕುರುಬಣ್ಣ ಹೊಗಳಿದ್ದು ಓದಿ ನನಗೂ ನಗು ಬಂತು, ಒಪ್ಪಿಕೊಳ್ಳುತ್ತೇನೆ. ಆದರೆ ಒಂದು ಗಮನಿಸಿ. ಇಲ್ಲಿ ಎಲ್ಲರ ಕಥೆಯಲ್ಲೂ ನಗಿಸಿದವರು ಬೇರೆ ಯಾರೋ. ಅಮ್ಮ, ಅತ್ತೆ, ಕುರುಬಣ್ಣ. ಗುದ್ದಲಿ ಹಿಡಿದವನಿಗೆ ತಾನಾಗಿ ನಗು ಬಂದ ಒಂದು ಕಥೆಯೂ ಇಲ್ಲ. ಒಬ್ಬನೇ ಕೆಲಸ ಮಾಡುವವನ ಗತಿ ಏನು?

ಕೊಪ್ಪಳದ ಬಂಡೆ

ನಾನು ಒಬ್ಬನೇ ಮಾಡುತ್ತೇನೆ. ಒಬ್ಬನೇ ನಗುತ್ತೇನೆ ಕೂಡ, ಪಕ್ಕದ ಮನೆಯವರಿಗೆ ಸ್ವಲ್ಪ ಅನುಮಾನ ಇದೆ.

ನಿಮ್ಮದು ಎರೆ, ನಮ್ಮದು ಕಲ್ಲು. ಕೊಪ್ಪಳದಲ್ಲಿ ಗುಂಡಿ ಎಲ್ಲಿ ತೋಡಬೇಕು ಅಂತ ನಾವು ತೀರ್ಮಾನಿಸುವ ಹಾಗಿಲ್ಲ. ನಿಂಬೆ ಸಸಿ ಮೂಲೆಯಲ್ಲಿ ಇಡಬೇಕು ಅಂದುಕೊಂಡೆ. ಹಾರೆ ಹಾಕಿದರೆ "ಠಣ್". ಎರಡು ಹೆಜ್ಜೆ ಸರಿದು ಹಾಕಿದೆ, "ಠಣ್". ಹೀಗೆ ಸರಿಯುತ್ತ ಸರಿಯುತ್ತ ಹಾರೆ ಇಳಿದದ್ದು ಬಚ್ಚಲ ಬಾಗಿಲ ಎದುರು. ಅಲ್ಲೇ ನೆಟ್ಟೆ. ಈಗ ಗಿಡ ಎದೆಮಟ್ಟ ಬೆಳೆದಿದೆ, ಬಚ್ಚಲ ನೀರೆಲ್ಲ ಅದಕ್ಕೇ. ಮನೆಗೆ ಬಂದವರು ಮುಳ್ಳು ತಾಗದ ಹಾಗೆ ಅಡ್ಡ ತಿರುಗಿ ಸ್ನಾನಕ್ಕೆ ಹೋಗುತ್ತಾರೆ. ದಪ್ಪ ಇರುವ ನಮ್ಮ ಚಿಕ್ಕಪ್ಪ ಮಾತ್ರ ಬೀಗರ ಮನೆಯಲ್ಲಿ ಉಳಿಯುತ್ತಾರೆ. ಅದನ್ನು ನಾನು ನಷ್ಟ ಅಂತ ಬರೆದುಕೊಂಡಿಲ್ಲ.

ಒಬ್ಬನೇ ಇರುವವರಿಗೆ ನನ್ನ ಉಪಾಯ: ಕೆಲಸ ಕೆಟ್ಟ ಕೂಡಲೇ ಅದನ್ನು ಯಾರಿಗೆ ಹೇಗೆ ಹೇಳಬೇಕು ಅಂತ ಮನಸ್ಸಿನಲ್ಲೇ ಹೊಂದಿಸಲು ಶುರು ಮಾಡುತ್ತೇನೆ. ಚಹಾ ಅಂಗಡಿಯಲ್ಲಿ ಹೇಳುವಾಗ "ಠಣ್" ಎಷ್ಟು ಸಲ ಅನ್ನಬೇಕು, ಎಲ್ಲಿ ನಿಲ್ಲಿಸಬೇಕು ಅಂತ. ಅಷ್ಟು ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತದೆ. ಕಥೆ ಕೆಲವೊಮ್ಮೆ ಗಿಡಕ್ಕಿಂತ ಚೆನ್ನಾಗಿ ಬರುತ್ತದೆ.

ಹಾಂ, ಕಲ್ಲು ಎತ್ತುವಾಗ ಕೆಳಗೆ ಕೈ ಹಾಕಬೇಡಿ. ಹಾರೆಯಿಂದ ನಿಮ್ಮ ಕಡೆಗೆ ಮೀಟಿ ಎತ್ತಿ, ಕಲ್ಲೇ ನಿಮಗೆ ಅಡ್ಡ ಇರುತ್ತದೆ. ಚೇಳು, ಹಾವು ಎರಡೂ ತಂಪಿಗೆ ಅಲ್ಲೇ ಇರುತ್ತವೆ. ಅವು ಕಚ್ಚಿದರೆ ಕಥೆ ಹೊಂದಿಸುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ.

ಮಸ್ಕಿ ಗುದ್ದಲಿ

ಬಚ್ಚಲ ಎದುರಿನ ನಿಂಬೆ! ಫೋಟೋ ಬೇಕು. ಚಿಕ್ಕಪ್ಪನದು ಬೇಡ, ಗಿಡದ್ದು.

ಸಂಡೂರು ಕೆಂಪು

ನಮ್ಮ ಕಡೆ ಏನೇ ನೆಟ್ಟರೂ ಎಲೆ ಕೆಂಪು. ಲಾರಿ ಓಡಾಡುವ ರಸ್ತೆ ಪಕ್ಕ ಮನೆ, ಅದಿರಿನ ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ಒಂದು ಮಳೆ ಬಿದ್ದ ಮೇಲೆ ನಮ್ಮ ಕರಿಬೇವು ಹಸಿರು ಅಂತ ಹುಡುಗರಿಗೆ ಗೊತ್ತಾಯಿತು. ಈಗ ವಾರಕ್ಕೊಮ್ಮೆ ಸಂಜೆ ಎಲೆಗೆ ನೀರು ಚಿಮುಕಿಸಿ ತೊಳೆಯುತ್ತೇವೆ. ಧೂಳು ಕೂತರೆ ಎಲೆಗೆ ಬೆಳಕೂ ಸರಿಯಾಗಿ ಸಿಗುವುದಿಲ್ಲ, ಉಸಿರಾಟವೂ ಇಲ್ಲ.

ಇದರಲ್ಲಿ ನನಗೆ ನಗು ಬರುವುದಿಲ್ಲ, ಕ್ಷಮಿಸಿ. ಕೋತಿ, ಮಣ್ಣು, ಮಳೆ ಮಾಡಿದ ಕೆಡುಕಿಗೆ ನಗಬಹುದು. ಮನುಷ್ಯರು ಮಾಡಿದ್ದಕ್ಕೆ ತಾಳ್ಮೆ ತೋರಿಸುತ್ತ ಹೋದರೆ ಅದೇ ಅಭ್ಯಾಸವಾಗುತ್ತದೆ.

ಸಿಂಧನೂರು ಹಳೇ ಕೈ

ಸಂಡೂರಿನವರ ಮಾತಿಗೆ ನನ್ನ ಬೆಂಬಲ. ನಮ್ಮ ಕಾಲುವೆ ಕಡೆಯೂ ಇಂಥದ್ದೇ. ನೀರು ಜಾಸ್ತಿ ನಿಲ್ಲಿಸಿ ನಿಲ್ಲಿಸಿ ನೆಲ ಸವಳು ಹಿಡಿದಿದೆ, ಅಂದರೆ ಉಪ್ಪೇರಿದೆ. ಮೇಲೆ ಬಿಳಿ ಪುಡಿ ಕಾಣುತ್ತದೆ. ಮನೆ ಹಿತ್ತಲಲ್ಲೂ ಹಾಗೆ ಕಂಡರೆ ಸುಮ್ನೆ ಗೊಬ್ಬರ ಸುರಿಯಬೇಡಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಸವಳು ನೆಲದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ನೀರು ಬಸಿದು ಹೋಗಲು ದಾರಿ ಮಾಡದೆ ಏನು ಹಾಕಿದರೂ ದಂಡ.

ಆನೆಗುಂದಿ ಹುಡುಗ

ಕೋತಿ ವಿಷಯ ಬಂತಲ್ಲ. ಅಂಜನಾದ್ರಿ ಬೆಟ್ಟದ ಆಸುಪಾಸಿನವರ ಕಷ್ಟ ನಿಮಗೆ ಗೊತ್ತಿಲ್ಲ. ಶನಿವಾರ ಬೆಳಿಗ್ಗೆ ಹನುಮಪ್ಪನಿಗೆ ಕೈಮುಗಿದು ಬರುತ್ತೇವೆ, ಮಧ್ಯಾಹ್ನ ಅವನ ಬಳಗ ಬಂದು ಪೇರಲ ಕಾಯಿ ಒಂದೊಂದು ಕಚ್ಚು ಕಚ್ಚಿ ಎಸೆಯುತ್ತದೆ. ಪೂರ್ತಿ ತಿಂದರೆ ಬೇಜಾರಿಲ್ಲ! ನಮ್ಮಜ್ಜಿ ಕೋಲು ಎತ್ತುತ್ತಾರೆ, "ರಾಮ ರಾಮ" ಅಂತ ಇಳಿಸುತ್ತಾರೆ. ಹೊಡೆಯಲು ಕೈ ಬರುವುದಿಲ್ಲ, ಬಿಡಲು ಮನಸ್ಸು ಬರುವುದಿಲ್ಲ. ಈಗ ಅರಿಶಿನ, ಶುಂಠಿ, ಕೆಸುವು ಹಾಕಿದ್ದೇವೆ. ಅವು ಸದ್ಯಕ್ಕೆ ಕೋತಿಗಳ ಗಮನಕ್ಕೆ ಬಂದಿಲ್ಲ.

ರಾಯಚೂರು ಬಿಸಿಲು

ನನಗೆ ಕೋತಿ ಇಲ್ಲ, ಜೇಕು ಅನ್ನುವ ಕಳೆಹುಲ್ಲು ಇದೆ. ಕಿತ್ತಷ್ಟೂ ಜಾಸ್ತಿ. ಕೊಪ್ಪಳದವರ ಉಪಾಯ ಹಿಡಿದು ಕಥೆ ಹೊಂದಿಸಲು ನೋಡಿದೆ. ಕಥೆಯಲ್ಲೂ ಜೇಕೇ ಗೆಲ್ಲುತ್ತದೆ.

ಕುಷ್ಟಗಿ ಮುಳ್ಳುಬೇಲಿ

ಮೇಲಿನ ಹುಲ್ಲು ಕಿತ್ತರೆ ಕೆಳಗಿನ ಗಡ್ಡೆ ಹಾಗೇ ಉಳಿಯುತ್ತದೆ. ಅವು ಒಂದಕ್ಕೊಂದು ದಾರದಂಥ ಬೇರಿನಲ್ಲಿ ಸೇರಿಕೊಂಡಿರುತ್ತವೆ. ದಾರ ಕಡಿದರೆ ಮಲಗಿದ್ದ ಗಡ್ಡೆಯೂ ಎದ್ದು ಚಿಗುರುತ್ತದೆ. ನಿಮ್ಮ ಆ ಸುಡುಬಿಸಿಲೇ ಇದಕ್ಕೆ ಮದ್ದು. ಏಪ್ರಿಲ್‌ನಲ್ಲಿ ಆಳವಾಗಿ ಅಗೆದು ಗಡ್ಡೆಗಳನ್ನು ಮೇಲೆ ಹರಡಿ, ನೀರು ತಾಗಿಸಬೇಡಿ. ಒಣಗಿ ಸಾಯುತ್ತವೆ. ಒಂದೇ ವರ್ಷಕ್ಕೆ ಮುಗಿಯುವುದಿಲ್ಲ.

ರಾಯಚೂರು ಬಿಸಿಲು

ಅಂದರೆ ಏಪ್ರಿಲ್ ಮಧ್ಯಾಹ್ನ, ರಾಯಚೂರು, ಪಿಕಾಸಿ. ಸಾಯುವುದು ಗಡ್ಡೆಯಾ ನಾನಾ?

ಕುಷ್ಟಗಿ ಮುಳ್ಳುಬೇಲಿ

ಅಗೆಯುವುದು ಬೆಳಿಗ್ಗೆ ಆರಕ್ಕೆ ರೀ. ಮಧ್ಯಾಹ್ನದ ಕೆಲಸ ಬಿಸಿಲಿಗೆ ಬಿಡಿ.

ಹಿತ್ತಲಮನಿ (ಬಳ್ಳಾರಿ)

ಸೀರೆ ನಾನೇ ಒಗೆದೆ. ಕಲೆ ಮುಕ್ಕಾಲು ಹೋಯಿತು. ಉಳಿದ ಕಾಲು ಭಾಗವನ್ನು ಅಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಾರೆ.

ಮಣ್ಣಿನ ಉಂಡೆ ಬಿಟ್ಟು ನೋಡಿದೆ. ಚಪ್ಪಟೆಯಾಗಿ ಕೂತಿತು. ಜಾಲಿ ಕೆಲಸ ಮುಂದಕ್ಕೆ ಹಾಕಿದೆ. ಉಳಿದದ್ದು ಗೇಟು. ವೆಲ್ಡಿಂಗ್‌ನವರಿಗೆ ಕೆಳಗಿನ ಪಟ್ಟಿ ಕತ್ತರಿಸಿ ಕೊಡಿ ಅಂತ ಹೇಳಿ ಬಹಳ ದಿನವಾಯಿತು. ಕೇಳಿದಾಗಲೆಲ್ಲ "ನಾಳೆ".

ಮಸ್ಕಿ ಗುದ್ದಲಿ

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋದಾಗ, ಅಷ್ಟು ನೀರು ನುಗ್ಗುತ್ತಿದ್ದರೂ ಒಂದು ವಾರದಲ್ಲಿ ಸ್ಟಾಪ್‌ಲಾಗ್ (ನೀರು ತಡೆಯುವ ತಾತ್ಕಾಲಿಕ ಗೇಟು) ಇಳಿಸಿ ಮುಚ್ಚಿದರು. ಅವರನ್ನೇ ವಿಚಾರಿಸಿ ನೋಡಿ ಸರ್.

ಗಂಗಾವತಿ ಅಕ್ಕ

ಗೇಟು ಪೂರ್ತಿ ತೆಗೆಸಬೇಡಿ ಮತ್ತೆ. ಕುಷ್ಟಗಿಯವರ ಆಡುಗಳಿಗೆ ದಾರಿಯಾದೀತು.

ಅಂದಹಾಗೆ ನಮ್ಮ ಹೊಸ ಪಪ್ಪಾಯಿ ಮೂರರಲ್ಲಿ ಒಂದು ಹೂ ಬಿಟ್ಟಿದೆ. ಕಾಂಡಕ್ಕೆ ಅಂಟಿಕೊಂಡೇ ಇದೆ, ಉದ್ದ ಕಡ್ಡಿ ಇಲ್ಲ. ಹೆಣ್ಣೇ ಇರಬೇಕು ಅಲ್ವಾ, ಸಿಂಧನೂರು ಸರ್?

ಸಿಂಧನೂರು ಹಳೇ ಕೈ

ಹೂವಿನ ಬುಡದಲ್ಲಿ ಸಣ್ಣ ಕಾಯಿಯಂತೆ ಉಬ್ಬು ಇದ್ದರೆ ಹೆಣ್ಣೇ. ಉಳಿದ ಎರಡೂ ಹೂ ಬಿಡುವ ತನಕ ಯಾವುದನ್ನೂ ಕೀಳಬೇಡಿ. ಮಾವನವರಿಗೂ ಹೇಳಿಬಿಡಿ.